ನಿಮ್ಮ ನೇಟಿವ್ ಯಾವುದು?

ಹೋದ ದೀಪಾವಳಿಗೆ ಹೆಗ್ಗೋಡಿನ ಪಕ್ಕದ ನಮ್ಮೂರಿಗೆ ಹೋಗುವಾಗ ಅಪ್ಪಯ್ಯನಿಗೆ ಅಂತ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡು ಹೋಗಿದ್ದೆ. ಎಷ್ಟು ಕ್ವಿಂಟಲ್ ಅಡಿಕೆ ಹೋಯ್ತು, ಏನು ರೇಟು ಸಿಕ್ತು, ಕೊನೆಗೌಡನಿಗೆ ಎಷ್ಟು ಕೊಟ್ಟಿದ್ದು, ಎಲ್ಲದರ ಲೆಕ್ಕ. ಮನೆಯಲ್ಲಿರೋದು ನಾನು ಬಿಇ ಓದುವಾಗ ತಗೊಂಡ ಪೆಂಟಿಯಂ ಕಂಪ್ಯೂಟರ್. ಎಂಟರ್ ಒತ್ತಿದೆ. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಒಂದೇ ಸಾಲು ಬಂತು, ಮುಗೀತು.

ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಓದಿದರು. “ಎಂತದಾ ತಮಾ, ಇಲ್ಲೀಗಲ್ ಅಂದ್ರೆ ಕೇಸು ಗೀಸು ಆಗ್ತಾ?”

ಕೇಸು ಆಗೋದಿಲ್ಲ, ಆದರೆ ತಪ್ಪು ನನ್ನದೇ. ಆಫೀಸಿನ ಹೊಸ ಲ್ಯಾಪ್‌ಟಾಪಿನಲ್ಲಿ ‘ಮಾರ್ಚ್ ನೇಟಿವ್’ ಅನ್ನೋ ಫ್ಲಾಗ್ ಹಾಕಿ ಕಂಪೈಲ್ ಮಾಡಿದ್ದೆ. ಬೆಂಗಳೂರಿನಲ್ಲಿ ‘ನಿಮ್ಮ ನೇಟಿವ್ ಯಾವುದು’ ಅಂದ್ರೆ ಊರು ಯಾವುದು ಅಂತ. ಕಂಪೈಲರಿಗೆ ನೇಟಿವ್ ಅಂದ್ರೆ ತಾನು ಆ ಹೊತ್ತಿಗೆ ಕೂತಿರುವ ಮಷೀನು. ಆ ಲ್ಯಾಪ್‌ಟಾಪಿನ ಚಿಪ್ಪಿಗೆ ಎವಿಎಕ್ಸ್ 2 ಅನ್ನುವ ಆದೇಶಗಳು ಗೊತ್ತು, ಹಾಗಾಗಿ ಕಂಪೈಲರ್ ಅವನ್ನು ಧಾರಾಳವಾಗಿ ಬಳಸಿತ್ತು. ಅಪ್ಪಯ್ಯನ ಪೆಂಟಿಯಂಗೆ ಅವು ಗೊತ್ತಿಲ್ಲ. ಮಜಾ ಅಂದ್ರೆ ಅದೇ ಮಷೀನಿನಲ್ಲಿದ್ದ ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿ ಆರಾಮಾಗಿ ಓಡ್ತಾ ಇತ್ತು. ಬಿದ್ದಿದ್ದು ನನ್ನ ಕೋಡ್ ಮಾತ್ರ. ಆ ಲೈಬ್ರರಿ ಕಟ್ಟಿದವರು ನನಗಿಂತ ದೂರ ಯೋಚಿಸಿದ್ದರು.

ಸ್ಟ್ಯಾಂಡರ್ಡ್ ಲೈಬ್ರರಿ ಅಂದ್ರೆ ಭಾಷೆಯ ಜೊತೆಗೇ ಬರುವ ಸಾಮಾನು: ಅಕ್ಷರ ಜೋಡಿಸೋದು, ಮೆಮರಿ ಕೇಳೋದು, ವರ್ಗಮೂಲ ತೆಗೆಯೋದು. ಎಲ್ಲ ಪ್ರೋಗ್ರಾಂಗಳೂ ಇದರ ಮೇಲೇ ನಿಂತಿರುತ್ತವೆ. ಅದನ್ನು ಯಾವ ಫ್ಲಾಗ್ ಹಾಕಿ ಕಟ್ಟುತ್ತೀರಿ ಅನ್ನೋದರಲ್ಲೇ ಯಾರ ಮಷೀನು ಒಳಗೆ, ಯಾರದ್ದು ಹೊರಗೆ ಅನ್ನೋ ತೀರ್ಮಾನ ಅಡಗಿರುತ್ತದೆ.

ಈ ಕಥೆಯ ಒಂದು ತುದಿ ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 2001ರಲ್ಲಿ ‘ಸಿಂಪ್ಯೂಟರ್’ ತಂದರು. ಅಂಗೈ ಮೇಲಿನ, ಅಗ್ಗದ, ಕನ್ನಡವೂ ಬರುವ ಕಂಪ್ಯೂಟರ್. ಒಂದೇ ಸಾಧನವನ್ನು ಇಡೀ ಊರು ಹಂಚಿಕೊಳ್ಳಬೇಕು, ಪ್ರತಿಯೊಬ್ಬರ ಹತ್ತಿರ ಒಂದು ಸ್ಮಾರ್ಟ್ ಕಾರ್ಡ್ ಇರಬೇಕು ಅನ್ನೋದು ಕಲ್ಪನೆ. ಒಳಗಿದ್ದದ್ದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಚಿಪ್, 206 ಮೆಗಾಹರ್ಟ್ಸ್, ಮೇಲೆ ಲಿನಕ್ಸ್. ಬ್ಯಾಟರಿ ಕಡಿಮೆ ತಿನ್ನುವ ಒಳ್ಳೇ ಚಿಪ್. ಆದರೆ ದಶಾಂಶ ಲೆಕ್ಕಕ್ಕೆ ಬೇಕಾದ ಯಂತ್ರಭಾಗವೇ ಅದರಲ್ಲಿ ಇರಲಿಲ್ಲ.

ಅಂಥ ಚಿಪ್ಪಿಗೆ ಸಿ ಲೈಬ್ರರಿ ಕಟ್ಟೋರಿಗೆ ಆಗ ಎರಡು ದಾರಿ. ಚಿಪ್ಪಿನಲ್ಲಿ ದಶಾಂಶದ ಆದೇಶ ಇದೆ ಅಂತಲೇ ನಟಿಸಿ ಕಂಪೈಲ್ ಮಾಡೋದು ಒಂದು. ಆಗ ಪ್ರತಿ ಗುಣಾಕಾರಕ್ಕೂ ಚಿಪ್ ಮುಗ್ಗರಿಸುತ್ತದೆ, ಲಿನಕ್ಸ್ ಕರ್ನಲ್ ಓಡಿಬಂದು ಲೆಕ್ಕ ಮಾಡಿಕೊಡುತ್ತದೆ. ಕೆಲಸ ಆಗ್ತದೆ, ಆದರೆ ಬಹಳ ನಿಧಾನ. ಇನ್ನೊಂದು ‘ಸಾಫ್ಟ್ ಫ್ಲೋಟ್’ ಫ್ಲಾಗ್: ಕರ್ನಲ್ಲಿನ ತನಕ ಹೋಗದೆ, ಸಾದಾ ಪೂರ್ಣಾಂಕಗಳಲ್ಲೇ ಲೆಕ್ಕ ಮುಗಿಸೋದು. ಇದು ಎಷ್ಟೋ ವೇಗ. ಹಾಗಾದ್ರೆ ಎಲ್ಲರೂ ಎರಡನೇದನ್ನೇ ಯಾಕೆ ಹಿಡಿಯಲಿಲ್ಲ? ಯಾಕಂದ್ರೆ ಉತ್ತರವನ್ನು ಯಾವ ರಿಜಿಸ್ಟರಿನಲ್ಲಿ ಇಟ್ಟು ಕೊಡಬೇಕು ಅನ್ನೋದೇ ಎರಡರಲ್ಲೂ ಬೇರೆ. ಲೈಬ್ರರಿ ಒಂದು ಥರ, ಪ್ರೋಗ್ರಾಂ ಇನ್ನೊಂದು ಥರ ಆದರೆ ಕ್ರ್ಯಾಶ್ ಕೂಡ ಆಗದೆ ಸುಮ್ಮನೆ ತಪ್ಪು ಉತ್ತರ ಬರಬಹುದು. ಫ್ಲಾಗ್ ಬದಲಿಸಬೇಕಂದ್ರೆ ಇಡೀ ಮನೆಯನ್ನೇ ಮತ್ತೆ ಕಟ್ಟಬೇಕು.

ಮನೆ ಮತ್ತೆ ಕಟ್ಟಿದ ಉದಾಹರಣೆಯೂ ಇದೆ. ಡೆಬಿಯನ್ ಲಿನಕ್ಸಿನವರು ಹಳೇ ಆರ್ಮ್ ವ್ಯವಸ್ಥೆ ಬಿಟ್ಟು 2009ರಲ್ಲಿ ‘ಆರ್ಮ್‌ಎಲ್’ ತಂದರು, 2013ರಲ್ಲಿ ದಶಾಂಶ ಯಂತ್ರವನ್ನು ನೇರ ಬಳಸುವ ‘ಆರ್ಮ್‌ಎಚ್‌ಎಫ್’. ಆದರೆ ಎರಡನೆಯದಕ್ಕೆ ಕನಿಷ್ಠ ಏಳನೇ ತಲೆಮಾರಿನ ಆರ್ಮ್ ಚಿಪ್ ಬೇಕು ಅಂತ ನಿಗದಿ ಮಾಡಿದ್ದರು. ನಡುವೆ 2012ರಲ್ಲಿ ಮಕ್ಕಳ ಕಲಿಕೆಗೆ ಅಂತ ರಾಸ್ಪ್‌ಬೆರಿ ಪೈ ಬಂತು. ಅದರಲ್ಲಿ ದಶಾಂಶ ಯಂತ್ರ ಇತ್ತು, ಆದರೆ ಚಿಪ್ ಆರನೇ ತಲೆಮಾರಿನದ್ದು. ಒಂದು ಮೆಟ್ಟಿಲಿನಿಂದ ಹೊರಗೆ! ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಅನ್ನುವವರು ಲೈಬ್ರರಿಯಿಂದ ಶುರುಮಾಡಿ 35,000ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಹೊಸ ಫ್ಲಾಗಿನಲ್ಲಿ ಮತ್ತೆ ಕಂಪೈಲ್ ಮಾಡಿದರು. ಅದೇ ‘ರಾಸ್ಪ್‌ಬಿಯನ್’.

ನಮ್ಮ ಮೇಜಿನ ಕಂಪ್ಯೂಟರುಗಳ ಕಥೆಯೂ ಹೀಗೇ. 2003ರ ಮೊದಲ 64 ಬಿಟ್ ಚಿಪ್ಪಿಗೆ ಓಡುವಂತೆ ಕಟ್ಟಿದ ಲೈಬ್ರರಿ ಇವತ್ತೂ ಎಲ್ಲ ಕಡೆ ಓಡುತ್ತದೆ. 2020ರಲ್ಲಿ ಕಂಪನಿಗಳು ಸೇರಿ ಇದಕ್ಕೆ ಮೆಟ್ಟಿಲು ಮಾಡಿದವು: ವಿ2, ವಿ3, ವಿ4. ರೆಡ್ ಹ್ಯಾಟ್ 2022ರಲ್ಲಿ ವಿ2 ಹತ್ತಿತು, 2025ರಲ್ಲಿ ವಿ3. ವಿ3 ಅಂದ್ರೆ ಎವಿಎಕ್ಸ್ 2 ಬೇಕೇ ಬೇಕು. ಇಂಟೆಲ್‌ನಲ್ಲಿ ಅದು ಬಂದಿದ್ದು 2013ರಲ್ಲಿ. ಹನ್ನೆರಡು ವರ್ಷ ಆಯ್ತಲ್ಲ ಅನ್ನಬಹುದು. ಆದರೆ ಅದಾದ ಮೇಲೂ ಎಷ್ಟೋ ವರ್ಷ ಪೆಂಟಿಯಂ, ಸೆಲೆರಾನ್ ಹೆಸರಿನ ಅಗ್ಗದ ಚಿಪ್ಪುಗಳಲ್ಲಿ ಅದು ಇರಲಿಲ್ಲ. ಅಂದ್ರೆ ಈ ಗೆರೆ ಹಳೇದು–ಹೊಸದು ಅಂತ ಮಾತ್ರ ಭಾಗ ಮಾಡೋದಿಲ್ಲ, ಸೋವಿ–ದುಬಾರಿ ಅಂತಲೂ ಮಾಡುತ್ತದೆ. ಜಿಲಿಬಿಸಿಯವರ ಉಪಾಯ ನನಗೆ ಇಷ್ಟ: ಒಂದೇ ಕೆಲಸಕ್ಕೆ ಮೂರ್ನಾಲ್ಕು ಬಗೆಯ ಕೋಡ್ ಒಳಗಿಟ್ಟುಕೊಂಡು, ಓಡುವಾಗ ಚಿಪ್ ನೋಡಿ ಆರಿಸಿಕೊಳ್ಳೋದು.

ನಮ್ಮೂರಿನವರಿಗೆ ಇದು ಹೊಸದಲ್ಲ. ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಎಲ್ಲ ಸೌಕರ್ಯ ಇದೆ ಅಂತ ಸೆಟ್ಟನ್ನು ಅದರ ಅಳತೆಗೇ ಮಾಡಿದರೆ, ಮುಂದಿನ ಊರಿನ ಶಾಲೆಯ ಜಗಲಿಯಲ್ಲಿ ನಾಟಕ ಆಗೋದು ಹೇಗೆ?

ಆ ರಾತ್ರಿ ಫ್ಲಾಗ್ ತೆಗೆದು ಮತ್ತೆ ಕಂಪೈಲ್ ಮಾಡಿದೆ. ಓಡಿತು. ಎವಿಎಕ್ಸ್ ಇಲ್ಲದೆ ಅಡಿಕೆ ಲೆಕ್ಕ ಎಷ್ಟು ನಿಧಾನ ಆಯ್ತು ಅಂತ ಕೇಳಿದರೆ, ಕಣ್ಣಿಗೆ ಕಾಣುವಷ್ಟು ಏನೂ ಇಲ್ಲ. ಅಪ್ಪಯ್ಯ ಮಾತ್ರ ಮೊತ್ತವನ್ನು ತಮ್ಮ ಹಳೇ ಪಟ್ಟಿ ಪುಸ್ತಕದ ಜೊತೆ ತಾಳೆ ನೋಡಿ ಆದ ಮೇಲೇ ತಲೆ ಆಡಿಸಿದ್ದು.