ಪಂಕ್ತಿಭೇದದಿಂದ ಭಕ್ಷೀಸಿನವರೆಗೆ



ಹೋಟೆಲಿನಲ್ಲಿ ಉಂಡು ಏಳುವಾಗ ಮೇಜಿನ ಮೇಲೆ ಎಷ್ಟು ಚಿಲ್ಲರೆ ಬಿಡಬೇಕೆಂಬುದು ಇತಿಹಾಸದ ಉಪನ್ಯಾಸಕ್ಕೆ ತಕ್ಕ ವಿಷಯವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ನಾಡು ಬಿಟ್ಟು ಹೊರಟ ಕನ್ನಡಿಗರ ಇತಿಹಾಸವನ್ನು ಬರೆಯಹೊರಟವರು ಹೋಟೆಲಿನ ಹೊಸ್ತಿಲನ್ನು ದಾಟದೆ ಮುಂದೆ ಹೋಗಲಾರರು. ಮದರಾಸು, ಮುಂಬಯಿ, ಪುಣೆಗಳಲ್ಲಿ ಕರಾವಳಿಯ ಅದೆಷ್ಟೋ ಮನೆತನಗಳಿಗೆ ಮೊದಲ ಅನ್ನ, ಮೊದಲ ಸೂರು ದೊರಕಿದ್ದು ಉಡುಪಿ ಹೋಟೆಲುಗಳಲ್ಲಿ. ಹೋಟೆಲಿನಲ್ಲಿ ಬಡಿಸುವವನು ಉಣ್ಣುವವನನ್ನು ಸದಾ ಅಳೆಯುತ್ತಲೇ ಬಂದಿದ್ದಾನೆ. ಯಾವ ಅಳತೆಗೋಲಿನಿಂದ ಅಳೆದ, ಆ ಕೋಲನ್ನು ಅವನ ಕೈಗೆ ಕೊಟ್ಟವರು ಯಾರು ಎಂಬ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆ ತಮಗೆಲ್ಲ ತಿಳಿದದ್ದೇ. ಬಡಿಸುವ ಕೈಗೆ ಒಂದು ಬಗೆಯ ಅಧಿಕಾರವಿದೆ ಎಂಬುದನ್ನು ಹೋಟೆಲುಗಳು ಹುಟ್ಟುವ ಬಹಳ ಮೊದಲೇ ನಮ್ಮ ಜನ ಕಂಡುಕೊಂಡಿದ್ದರು. ತುಪ್ಪದ ಮಿಳ್ಳೆ ಯಾರ ಎಲೆಯ ಮೇಲೆ ಎಷ್ಟು ಬಾಗುತ್ತದೆ, ಹೋಳಿಗೆ ಯಾರಿಗೆ ಎರಡನೆಯ ಸಲ ಬರುತ್ತದೆ ಎಂಬುದರಲ್ಲಿ ಮರ್ಯಾದೆ, ಬಂಧುತ್ವ, ಅಂತಸ್ತುಗಳ ಲೆಕ್ಕವೆಲ್ಲ ಅಡಗಿತ್ತು. ಒಂದೇ ಸಾಲಿನಲ್ಲಿ ಕುಳಿತವರಿಗೆ ಬೇರೆ ಬೇರೆಯಾಗಿ ಬಡಿಸುವುದನ್ನೂ, ಜಾತಿಯ ಲೆಕ್ಕದಲ್ಲಿ ಸಾಲುಗಳನ್ನೇ ಬೇರೆ ಮಾಡುವುದನ್ನೂ 'ಪಂಕ್ತಿಭೇದ' ಎಂದು ಕರೆದರು. ಬಡಿಸುವವನ ಕೈಯಲ್ಲಿದ್ದ ಮೊದಲ ಅಳತೆಗೋಲು ಹೀಗೆ ಹುಟ್ಟಿನದು.

ಈ ಹಿನ್ನೆಲೆಯಿಂದಲೇ ಉಡುಪಿ, ಕುಂದಾಪುರದ ಕಡೆಯ ಹುಡುಗರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪಟ್ಟಣಗಳಿಗೆ ಹೊರಟರು. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಚಿಕ್ಕ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಗಿ ಹೆಸರಾಯಿತು. ಅಡುಗೆಮನೆಯ ಸಣ್ಣಪುಟ್ಟ ಚಾಕರಿಯಿಂದ ಜೀವನ ಆರಂಭಿಸಿದ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾಯಿತು. ಈ ಹೆಸರುಗಳೆಲ್ಲ ಇಂದು ಪ್ರಸಿದ್ಧ. ಆದರೆ ಅಲ್ಲಿ ತಟ್ಟೆ ಹೊತ್ತವರ ಹೆಸರನ್ನು ಬರೆದಿಟ್ಟವರು ವಿರಳ. ಅವರಿಗೆಲ್ಲ ಸೇರಿ ಒಂದೇ ಹೆಸರಿತ್ತು, 'ಮಾಣಿ'.

ಕರಾವಳಿಯ ಬ್ರಾಹ್ಮಣರ ಮನೆಮಾತಿನಲ್ಲಿ ಮಾಣಿಯೆಂದರೆ ಹುಡುಗ, ಮಗ. ತಾಯಿ ಅಕ್ಕರೆಯಿಂದ ಕರೆಯುತ್ತಿದ್ದ ಆ ಶಬ್ದ ಪಟ್ಟಣದ ಹೋಟೆಲಿನಲ್ಲಿ ಒಂದು ಉದ್ಯೋಗದ ಹೆಸರಾಗಿಬಿಟ್ಟಿತು. ನಲವತ್ತು ದಾಟಿದವನೂ ಗಿರಾಕಿಗೆ ಮಾಣಿಯೇ! ಇದಕ್ಕೆ ಸರಿಸಾಟಿಯಾದ ಶಬ್ದವನ್ನು ನೀವಿರುವ ಈ ನಾಡೂ ಕಂಡಿದೆ. 1884ರಲ್ಲಿ ಕೌಲಾಲಂಪುರದಲ್ಲಿ ಸ್ಥಾಪಿತವಾದ ಸೆಲಂಗೂರ್ ಕ್ಲಬ್ಬಿನಂಥ ಸ್ಥಳಗಳಲ್ಲಿ ಆಂಗ್ಲ ದೊರೆಗಳು ಹೈನಾನಿನಿಂದ ಬಂದ ಚೀನೀ ಪರಿಚಾರಕರನ್ನು, ಅವರ ವಯಸ್ಸು ಎಷ್ಟೇ ಇರಲಿ, 'ಬಾಯ್' ಎಂದೇ ಕೂಗುತ್ತಿದ್ದರು. ಅಲ್ಲಿ ನಗದು ಕೊಡುವ ರೂಢಿ ಕಡಮೆ. ಚೀಟಿಗೆ ಸಹಿ ಹಾಕಿ ಎದ್ದು ಹೋಗುವುದು ವಾಡಿಕೆ. 'ಚಿಟ್' ಎಂಬ ಆ ಮಾತೂ ನಮ್ಮ ಚೀಟಿಯ ಬಳಗದ್ದೇ. ಬಡಿಸುವವನನ್ನು ಎಂದೂ ಬೆಳೆಯದ ಹುಡುಗನನ್ನಾಗಿ ಉಳಿಸುವುದರಲ್ಲಿ ಪೂರ್ವ, ಪಶ್ಚಿಮಗಳು ಒಮ್ಮತಕ್ಕೆ ಬಂದಿದ್ದವು.

ಆ ಕಾಲದ ನಮ್ಮ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಕೋಣೆ, ಉಳಿದವರಿಗೆ ಹೊರ ಹಜಾರ ಎಂಬ ಏರ್ಪಾಡು ಸಾಮಾನ್ಯವಾಗಿತ್ತು. ಬಾಗಿಲಲ್ಲಿ ಕಾಲಿಟ್ಟವನ ಉಡುಪು, ಮಾತಿನ ಧಾಟಿ, ಹಣೆಯ ಗುರುತುಗಳನ್ನು ನೋಡಿ ಯಾವ ಕಡೆಗೆ ಕೂರಿಸಬೇಕೆಂದು ತೀರ್ಮಾನಿಸುವ ಹೊಣೆ ಮಾಣಿಯ ಮೇಲೂ ಬೀಳುತ್ತಿತ್ತು. ನಿಯಮ ಮಾಲೀಕನದು, ಸಮಾಜದ್ದು. ಅದನ್ನು ನಡೆಸುವ ಕಣ್ಣು ಮಾತ್ರ ಮಾಣಿಯದು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು 15ನೆಯ ವಿಧಿಯಲ್ಲಿ, ಸಾರ್ವಜನಿಕ ಉಪಾಹಾರಗೃಹಗಳಿಗೆ ಪ್ರವೇಶಿಸುವುದರಲ್ಲಿ ಜಾತಿಯ ಕಾರಣದಿಂದ ಯಾರಿಗೂ ಅಡ್ಡಿ ಇರಕೂಡದೆಂದು ಸ್ಪಷ್ಟವಾಗಿ ಹೇಳಿತು. ಸಂವಿಧಾನ ಬರೆಯುವವರಿಗೆ ಹೋಟೆಲಿನ ಬಾಗಿಲನ್ನು ಹೆಸರಿಸಿ ಹೇಳಬೇಕೆನ್ನಿಸಿತೆಂದರೆ, ಆ ಬಾಗಿಲಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಆದರೂ ಫಲಕಗಳು ತಕ್ಷಣ ಇಳಿಯಲಿಲ್ಲ. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ, ಫಲಕದಲ್ಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಸಲು ಪೆರಿಯಾರರ ಅನುಯಾಯಿಗಳು ಸತ್ಯಾಗ್ರಹ ನಡೆಸಬೇಕಾಯಿತು.

ಹುಟ್ಟಿನ ಅಳತೆಗೋಲು ಮೆಲ್ಲಮೆಲ್ಲನೆ ಬದಿಗೆ ಸರಿದಂತೆ ಎರಡನೆಯದೊಂದು ಮುಂದೆ ಬಂತು. ಅದು ಜೇಬಿನ ಅಳತೆ. ಇಲ್ಲಿ ನಮ್ಮ ಭಾಷೆಯ ಕೆಲವು ಶಬ್ದಗಳನ್ನು ಗಮನಿಸಬೇಕು. ದಕ್ಷಿಣೆ, ಕಾಣಿಕೆ ಇವು ಕೆಳಗಿನಿಂದ ಮೇಲಕ್ಕೆ ಹೋಗುವ ಕೊಡುಗೆಗಳು. ಪಡೆಯುವವನು ಕೊಡುವವನಿಗಿಂತ ಹಿರಿಯ. ಭಕ್ಷೀಸು ಪಾರಸಿಯಿಂದಲೂ, ಇನಾಮು ಅರಬಿಯಿಂದಲೂ ದರ್ಬಾರಿನ ಮೂಲಕ ನಮ್ಮಲ್ಲಿಗೆ ಬಂದವು. ಇವು ಮೇಲಿನಿಂದ ಕೆಳಕ್ಕೆ ಇಳಿಯುವ ಕೊಡುಗೆಗಳು. ಹೋಟೆಲಿನಲ್ಲಿ ಸೋಂಪಿನ ತಟ್ಟೆಯಲ್ಲಿ ಉಳಿಸಿದ ನಾಲ್ಕಾಣೆಗೆ ನಾವು ದಕ್ಷಿಣೆಯೆನ್ನಲಿಲ್ಲ, ಭಕ್ಷೀಸು ಎಂದೆವು. ಈಚೆಗೆ ಟಿಪ್ಸ್ ಎನ್ನುತ್ತೇವೆ. ಅನ್ನ ಬಡಿಸುವವನು ಮನೆಯಲ್ಲಾದರೆ ಅನ್ನದಾತ, ಹೋಟೆಲಿನಲ್ಲಾದರೆ ಭಕ್ಷೀಸು ಪಡೆಯುವವ.

ಭಕ್ಷೀಸು ಸಂಬಳದ ಮೇಲಿನ ಸಂತೋಷವಾಗಿರುವಷ್ಟು ದಿನ ಅದರಿಂದ ದೊಡ್ಡ ಕೇಡಿಲ್ಲ. ಅದೇ ಸಂಬಳವಾದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಇತಿಹಾಸ ಸಾಕ್ಷಿ. ಅಲ್ಲಿ ಅಂತರ್ಯುದ್ಧದ ಅನಂತರ ಟಿಪ್ಪಿನ ಪದ್ಧತಿ ಹರಡಿತು. ರೈಲಿನ ಪುಲ್‌ಮನ್ ಡಬ್ಬಿಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರಿಗೆ ಕಂಪೆನಿಯು ಅಲ್ಪ ಸಂಬಳ ಕೊಟ್ಟು, ಉಳಿದದ್ದನ್ನು ಪ್ರಯಾಣಿಕರ ಔದಾರ್ಯಕ್ಕೆ ಬಿಟ್ಟಿತು. ಅವರು 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫರ ನಾಯಕತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡರು. ವಾಷಿಂಗ್ಟನ್ ಸಂಸ್ಥಾನವು 1909ರಲ್ಲಿ ಟಿಪ್ಪನ್ನೇ ನಿಷೇಧಿಸಿ, 1913ರಲ್ಲಿ ಆ ಕಾನೂನನ್ನು ಹಿಂತೆಗೆದುಕೊಂಡಿತು. ಟಿಪ್ಪು ಪಡೆಯುವ ನೌಕರರಿಗೆ ಅಲ್ಲಿನ ಕೇಂದ್ರ ಕಾನೂನು ಗೊತ್ತುಪಡಿಸಿರುವ ಕನಿಷ್ಠ ನಗದು ಕೂಲಿ 1991ರಿಂದ ಗಂಟೆಗೆ 2 ಡಾಲರ್ 13 ಸೆಂಟು ಮಾತ್ರ. ಉಳಿದದ್ದನ್ನು ಗಿರಾಕಿಯ ಮುಖ ನೋಡಿ ಸಂಪಾದಿಸಿಕೊಳ್ಳಬೇಕು. ಕಡಮೆಯಾದರೆ ಮಾಲೀಕ ತುಂಬಿಕೊಡಬೇಕೆಂದು ಕಾನೂನಿದೆಯಾದರೂ, ದಿನದಿನದ ಚಿಂತೆ ಬಡಿಸುವವನದೇ.

ಹೀಗಿರುವಾಗ ಅವನು ಬಾಗಿಲಲ್ಲೇ ಗಿರಾಕಿಯನ್ನು ತೂಗಿನೋಡುವುದರಲ್ಲಿ ಆಶ್ಚರ್ಯವೇನು? ಇವರು ಕೊಡುವವರು, ಅವರು ಕೊಡದವರು ಎಂದು ಚರ್ಮದ ಬಣ್ಣ, ವಯಸ್ಸು, ಉಚ್ಚಾರಣೆಗಳಿಂದ ಮೊದಲೇ ತೀರ್ಮಾನಿಸಿ, ಸೇವೆಯಲ್ಲಿ ಭೇದ ಮಾಡುವ ಪ್ರವೃತ್ತಿಯನ್ನು ಅಲ್ಲಿನ ಸಮಾಜಶಾಸ್ತ್ರಜ್ಞರು ದಾಖಲಿಸಿದ್ದಾರೆ. ನಮ್ಮ ಪಂಕ್ತಿಭೇದವೇ ಹೊಸ ವೇಷದಲ್ಲಿ ಮರಳಿ ಬಂದಂತಾಯಿತು. ಒಳ್ಳೆಯ ಸೇವೆಗೆ ಹೆಚ್ಚು ಟಿಪ್ಪು ಸಿಗುತ್ತದೆಂಬ ಸಮರ್ಥನೆಯೂ ಗಟ್ಟಿಯಾದುದಲ್ಲ. ಸೇವೆಯ ಗುಣಕ್ಕೂ ಟಿಪ್ಪಿನ ಮೊತ್ತಕ್ಕೂ ಇರುವ ಸಂಬಂಧ ತೀರ ದುರ್ಬಲವೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಅವರ ಅಧ್ಯಯನಗಳು ತೋರಿಸಿಕೊಟ್ಟಿವೆ.

ಇನ್ನು ಮಲೇಷ್ಯದ ಕಡೆಗೆ ಬರೋಣ. ಇಲ್ಲಿ ದಿನನಿತ್ಯದ ಅಂಗಡಿಗಳಲ್ಲಿ ಟಿಪ್ಪು ಕೊಡುವ ರೂಢಿಯಿಲ್ಲ. ಮಾಮಕ್ ಅಂಗಡಿಯಲ್ಲಿ ಗಿರಾಕಿ ಬಡಿಸುವವನನ್ನು 'ಬಾಸ್' ಎನ್ನುತ್ತಾನೆ, ಬಡಿಸುವವನೂ ಗಿರಾಕಿಯನ್ನು 'ಬಾಸ್' ಎನ್ನುತ್ತಾನೆ. ಇಲ್ಲವೆ ತಮಿಳಿನ ಅಣ್ಣನನ್ನು ಕರೆದಂತೆ 'ಅಣ್ಣೆ' ಎನ್ನುವುದುಂಟು. ಮಾಮಕ್ ಎಂಬ ಹೆಸರೇ ತಮಿಳಿನ ಮಾಮನಿಂದ ಬಂದದ್ದು. ಒಂದು ಕಾಲದ 'ಬಾಯ್' ಹೀಗೆ ಬಾಸ್ ಆದದ್ದು ಸಣ್ಣ ಸಂಗತಿಯಲ್ಲ. ಬಾಳೆಲೆಯ ಊಟದ ಅಂಗಡಿಗಳಲ್ಲಿ ಉಂಡ ಎಲೆಯನ್ನು ತನ್ನ ಕಡೆಗೆ ಮಡಚಿದರೆ ಊಟ ತೃಪ್ತಿಯಾಯಿತೆಂದು ಅರ್ಥ. ಬಡಿಸಿದವನಿಗೆ ಕಾಸಿಲ್ಲದೆ ಸಲ್ಲುವ ಮೆಚ್ಚುಗೆ ಅದು. ಇನ್ನೊಂದು ಕಡೆ, ಮಲಯ ಭಾಷೆಯ ಆಡುಮಾತಿನಲ್ಲಿ 'ದುಯಿತ್ ಕೊಪಿ', ಅಂದರೆ ಕಾಫಿಯ ಕಾಸು, ಲಂಚಕ್ಕೆ ಇರುವ ಹೆಸರು. ಕೆಲಸ ಆಗುವ ಮುಂಚೆ ಕೊಟ್ಟ ಕಾಸಿಗೂ ಆದಮೇಲೆ ಕೊಟ್ಟ ಕಾಸಿಗೂ ನಡುವಿನ ಗೆರೆ ಎಷ್ಟು ತೆಳುವೆಂಬುದನ್ನು ಈ ಪದ ನೆನಪಿಸುತ್ತದೆ.

ಆದರೆ ದೊಡ್ಡ ಹೋಟೆಲುಗಳ ದರಪಟ್ಟಿಯಲ್ಲಿ ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆಗಳಿರುವುದನ್ನು ತಾವು ಕಂಡಿದ್ದೀರಿ. 'ಪ್ಲಸ್ ಪ್ಲಸ್' ಎಂದು ಕರೆಯುವ ಈ ಜೋಡಿಯಲ್ಲಿ ಒಂದು ಸರಕಾರಕ್ಕೆ ಹೋಗುವ ಸೇವಾ ತೆರಿಗೆ. ಊಟ, ಪಾನೀಯಗಳ ಮೇಲೆ ಅದು ಶೇಕಡಾ 6. ಇನ್ನೊಂದು ಸಾಮಾನ್ಯವಾಗಿ ಶೇಕಡಾ 10ರಷ್ಟಿರುವ ಸೇವಾಶುಲ್ಕ. ಎರಡನ್ನೂ ಒಂದೇ ಎಂದು ತಿಳಿದು ಬೇಸರಪಡುವವರು ಅನೇಕರು. ಸೇವಾಶುಲ್ಕ ಯಾರದು ಎಂಬ ಪ್ರಶ್ನೆ ಈ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಯಿತು. 2013ರ ಜನವರಿ 1ರಿಂದ ಇಲ್ಲಿ ಕನಿಷ್ಠ ವೇತನ ಜಾರಿಗೆ ಬಂತು. ಆಗ ದ್ವೀಪಕಲ್ಪದಲ್ಲಿ ಅದು ತಿಂಗಳಿಗೆ 900 ರಿಂಗಿಟ್. ಸೇವಾಶುಲ್ಕದಲ್ಲಿ ನೌಕರರಿಗೆ ಸಲ್ಲುತ್ತಿದ್ದ ಪಾಲನ್ನೇ ಈ ಮೊತ್ತದೊಳಗೆ ಸೇರಿಸಿ ಲೆಕ್ಕ ತೋರಿಸಬಹುದೆಂದು ಕೆಲವು ಹೋಟೆಲುಗಳು ವಾದಿಸಿದವು. ಹೋಟೆಲು ಕಾರ್ಮಿಕರ ರಾಷ್ಟ್ರೀಯ ಸಂಘ ಇದನ್ನು ವಿರೋಧಿಸಿತು. ಪೆಟಾಲಿಂಗ್ ಜಯದ ಕ್ರಿಸ್ಟಲ್ ಕ್ರೌನ್ ಹೋಟೆಲಿನ ಮೊಕದ್ದಮೆಯಲ್ಲಿ ಫೆಡರಲ್ ಕೋರ್ಟು 2021ರಲ್ಲಿ ಕಾರ್ಮಿಕರ ಪರವಾಗಿ ತೀರ್ಪು ಕೊಟ್ಟಿತು. ಸೇವಾಶುಲ್ಕವು ಗಿರಾಕಿ ನೌಕರರಿಗಾಗಿ ಕೊಟ್ಟ ಹಣ. ಕನಿಷ್ಠ ವೇತನ ಮಾಲೀಕ ತನ್ನ ಕೈಯಿಂದ ಕೊಡಬೇಕಾದದ್ದು. ಒಂದರಿಂದ ಇನ್ನೊಂದನ್ನು ತುಂಬಲಾಗದು ಎಂಬುದು ಅದರ ಸಾರ. 2025ರಲ್ಲಿ ಕನಿಷ್ಠ ವೇತನವನ್ನು 1,700 ರಿಂಗಿಟ್‌ಗೆ ಏರಿಸಲಾಯಿತು.

ಭಾರತದಲ್ಲಿ ಇದೇ ಪ್ರಶ್ನೆ ಬೇರೆ ದಿಕ್ಕಿನಿಂದ ಎದ್ದಿತು. ಗ್ರಾಹಕನ ಬಿಲ್ಲಿಗೆ ಸೇವಾಶುಲ್ಕವನ್ನು ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚಿಸಿತು. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಬ್ರಿಟನ್ನಿನಲ್ಲಿ 2023ರಲ್ಲಿ ಅಂಗೀಕೃತವಾಗಿ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಟಿಪ್ಪಿನ ಹಣವೆಲ್ಲ ಕೆಲಸಗಾರರಿಗೇ ಸಲ್ಲಬೇಕು. ಭಾರತ ಗ್ರಾಹಕನ ಸ್ವಾತಂತ್ರ್ಯವನ್ನು ನೋಡಿತು, ಮಲೇಷ್ಯ ಮತ್ತು ಬ್ರಿಟನ್ನುಗಳು ನೌಕರನ ಹಕ್ಕನ್ನು ನೋಡಿದವು. ಎರಡೂ ಬೇಕಾದವುಗಳೇ.

ನಮ್ಮ ಹೋಟೆಲುಗಳ ಪರಂಪರೆಯಲ್ಲಿ ಮೂರನೆಯ ಅಳತೆಗೋಲೊಂದೂ ಇತ್ತೆಂಬುದನ್ನು ಮರೆಯಲಾಗದು. ಅದು ನಡತೆಯದು. ಮಾವಳ್ಳಿಯಲ್ಲಿ ಗಿರಾಕಿ ಅಡುಗೆಮನೆಯನ್ನು ಹಾದು ಊಟದ ಕೋಣೆಗೆ ಹೋಗುವ ಏರ್ಪಾಡು ಪ್ರಸಿದ್ಧವಾಗಿತ್ತು. ಬಡಿಸುವವನು ಗಿರಾಕಿಯನ್ನು ಅಳೆಯುವಂತೆ, ಗಿರಾಕಿಯೂ ಒಲೆಯನ್ನು, ಪಾತ್ರೆಯನ್ನು, ಬೇಯಿಸುವವನ ಬೆವರನ್ನು ನೋಡಿಯೇ ಕೂರಬೇಕು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರು ಅಕ್ಷರ ಕಲಿತು ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಒಡೆಯರಾದರು. ಅಂಥವರಿಗೆ ದಿನಕ್ಕೊಂದಾಣೆ ಭಕ್ಷೀಸು ಕೊಟ್ಟ ಗಿರಾಕಿಗಿಂತ, 'ಶಾಲೆಗೆ ಹೊತ್ತಾಯಿತಲ್ಲ, ಹೊರಡು' ಎಂದು ಬೇಗ ಎದ್ದುಹೋದ ಗಿರಾಕಿ ದೊಡ್ಡವನಾಗಿ ಕಂಡಿದ್ದರೆ ಅದು ಸಹಜವೇ. ಇತ್ತ ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ನಿಂತು ತಿನ್ನುವ ಹೋಟೆಲುಗಳ ಕಾಲ ಬಂತು. ತಟ್ಟೆಯನ್ನು ತಾನೇ ತಂದುಕೊಳ್ಳುವಲ್ಲಿ ಭಕ್ಷೀಸಿಲ್ಲ, ಒಳಕೋಣೆಯಿಲ್ಲ. ಹಾಗೆಯೇ, ನಿಮ್ಮ ಕಾಫಿಗೆ ಸಕ್ಕರೆ ಎಷ್ಟೆಂದು ನೆನಪಿಟ್ಟುಕೊಂಡವನೂ ಇಲ್ಲ.

ಹಾಗಾದರೆ ನಾವು ಹೇಗೆ ನಡೆದುಕೊಳ್ಳಬೇಕು? ಬಿಲ್ಲಿನಲ್ಲಿ ಸೇವಾಶುಲ್ಕವಿದ್ದರೆ ಅದನ್ನು ಕೊಟ್ಟಮೇಲೆ ಟಿಪ್ಪಿನ ಋಣ ನಮ್ಮ ಮೇಲಿಲ್ಲ. ಆದರೆ ಅದು ಕೆಲಸಗಾರರಿಗೆ ಸೇರುತ್ತದೆಯೇ ಎಂದು ಗಲ್ಲೆಯ ಬಳಿ ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲದಲ್ಲಿ ಕೊಡುವ ಮನಸ್ಸಾದರೆ, ಬಡಿಸಿದವನ ಕೈಗೇ, ಉಂಡಮೇಲೆ, ಥ್ಯಾಂಕ್ಸ್ ಅಥವಾ 'ತೆರಿಮ ಕಾಸಿಹ್' ಹೇಳಿ ಕೊಡಬೇಕು. ನೆಲಕ್ಕೆ ಎಸೆದಂತೆ ಮೇಜಿನ ಮೇಲೆ ಎಸೆಯಬಾರದು. ಅಮೆರಿಕಕ್ಕೆ ಹೋದಾಗ ಅಲ್ಲಿನ ರೂಢಿಯಂತೆ ಕೊಡದೆ ಬರುವುದು, ಆ ಪದ್ಧತಿ ಎಷ್ಟೇ ಅನ್ಯಾಯವಾಗಿದ್ದರೂ, ಬಡವನ ಕೂಲಿಯನ್ನು ಉಳಿಸಿಕೊಂಡಂತೆ.

ಇಲ್ಲಿನ ಅಂಗಡಿಗಳಲ್ಲಿ ಇಂದು ನಮಗೆ ಬಡಿಸುತ್ತಿರುವವರಲ್ಲಿ ತಮಿಳುನಾಡಿನ, ಬಾಂಗ್ಲಾದೇಶದ ತರುಣರಿದ್ದಾರೆ. ತೊಂಬತ್ತು ವರ್ಷಗಳ ಹಿಂದೆ ಕುಂದಾಪುರದ ಮಾಣಿ ಮದರಾಸಿಗೆ ಹೊರಟದ್ದೂ ಇದೇ ಕಾರಣಕ್ಕೆ; ಊರಿಗೆ ಮನಿಯಾರ್ಡರು ಕಳಿಸುತ್ತಿದ್ದುದೂ ಹೀಗೆಯೇ. ಆ ತರುಣನ ಹೆಸರೇನೆಂದು ನಿಮ್ಮ ಮಕ್ಕಳ ಎದುರಿನಲ್ಲಿಯೇ ಕೇಳಿ, ಮುಂದಿನ ಸಲ ಅವನನ್ನು ಆ ಹೆಸರಿನಿಂದ ಕರೆಯಿರಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.