ಸುರಿನಾಮಿನ ಮನೆಮಾತು



ದಕ್ಷಿಣ ಅಮೆರಿಕದ ಪುಟ್ಟ ರಾಷ್ಟ್ರ ಸುರಿನಾಮ್ ಡಚ್ಚರ ಆಳ್ವಿಕೆಯಿಂದ ಸ್ವತಂತ್ರವಾದದ್ದು 1975ರ ನವೆಂಬರ್ 25ರಂದು. 1863ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1873ರ ಜೂನ್‌ನಲ್ಲಿ ‘ಲಾಲಾ ರೂಖ್’ ಹಡಗು ಕಲ್ಕತ್ತೆಯಿಂದ ಸುಮಾರು 400 ಭಾರತೀಯರನ್ನು ಅಲ್ಲಿಗೆ ಒಯ್ದಿತು; 1916ರ ವೇಳೆಗೆ ಕರಾರಿನ ಮೇಲೆ ಹೋದವರು ಸುಮಾರು 34,000. ಜಾವಾದವರೂ ಬಂದು ನೆಲೆಸಿದರು. ರಾಜಧಾನಿ ಪಾರಾಮಾರಿಬೋದಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವೂ ಮಸೀದಿಯೂ ಅಕ್ಕಪಕ್ಕದಲ್ಲಿವೆ. ಶಾಲೆಯಲ್ಲಿ ಡಚ್ ಕಲಿತರೂ, ಭೋಜಪುರಿ, ಅವಧಿಗಳು ಬೆರೆತು ಹುಟ್ಟಿದ ‘ಸರ್ನಾಮಿ’ ಅಲ್ಲಿನ ಭಾರತೀಯ ಮೂಲದವರಲ್ಲಿ ಇಂದಿಗೂ ಜೀವಂತ.

ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳಿಗೆ ನಾವು ಸ್ವಇಚ್ಛೆಯಿಂದ ಬಂದವರು. ಆದರೂ ಚಿಕಿತ್ಸೆಗೆ ಬರುವ ಅಜ್ಜಿಯ ನೋವನ್ನು ಮೊಮ್ಮಗನಿಗೆ ವೈದ್ಯನಾದ ನಾನೇ ಅನುವಾದಿಸಿ ಹೇಳಿದ್ದುಂಟು. ತೋಟದ ಕೂಲಿಗಳು ಉಳಿಸಿಕೊಂಡದ್ದನ್ನು ನಾವು ಕಳೆದುಕೊಳ್ಳುವುದು ಬೇಡ. ಇಂದು ರಾತ್ರಿಯ ಊಟದ ಹೊತ್ತಿಗಾದರೂ ಮಕ್ಕಳೊಡನೆ ಕನ್ನಡದಲ್ಲೇ ಮಾತನಾಡೋಣ.