ಕಂಪ್ಯೂಟರ್ ಜಾಲ ಮತ್ತು ರೂಟಿಂಗ್ (ನಾರಾಯಣಪೇಟೆ, ಮಕ್ತಲ್, ಗದ್ವಾಲ)

ಹಲವು ಕಂಪ್ಯೂಟರುಗಳನ್ನು ತಂತಿ, ಫೈಬರ್ ಅಥವಾ ರೇಡಿಯೊ ಅಲೆಗಳಿಂದ ಬೆಸೆದ ವ್ಯವಸ್ಥೆಯೇ ಕಂಪ್ಯೂಟರ್ ಜಾಲ. ಕಳಿಸಬೇಕಾದ ಮಾಹಿತಿ ಇದರಲ್ಲಿ ಪ್ಯಾಕೆಟ್ ಎಂಬ ತುಣುಕುಗಳಾಗಿ ಸಾಗುತ್ತದೆ. ಪ್ರತಿ ತುಣುಕಿನ ಮೇಲೂ ತಲುಪಬೇಕಾದ ಯಂತ್ರದ ಐಪಿ ವಿಳಾಸವಿರುತ್ತದೆ. ಆ ವಿಳಾಸಕ್ಕೆ ದಾರಿ ಹುಡುಕುವ ಕೆಲಸ ರೂಟಿಂಗ್. ಹುಡುಕಿಕೊಡುವ ಯಂತ್ರ ರೂಟರ್.

ಪ್ಯಾಕೆಟ್‌ನ ಕಲ್ಪನೆ 1960ರ ದಶಕದ್ದು. ಅಮೆರಿಕದ ಪಾಲ್ ಬ್ಯಾರನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಬೇರೆಬೇರೆಯಾಗಿಯೇ ಅದನ್ನು ತಲುಪಿದರು. 1969ರ ಅಕ್ಟೋಬರ್ 29ರಂದು ಅಮೆರಿಕದ ಆರ್ಪಾನೆಟ್ ಎಂಬ ಜಾಲದಲ್ಲಿ ಮೊದಲ ಸಂದೇಶ ಹೋಯಿತು. 1983ರ ಜನವರಿ 1ರಂದು ಆ ಜಾಲ ಟಿಸಿಪಿ/ಐಪಿ ನಿಯಮಗಳಿಗೆ ಬದಲಾಯಿತು. ಭಾರತದಲ್ಲಿ 1986ರಲ್ಲಿ ಅರ್ನೆಟ್ ಎಂಬ ಜಾಲ ವಿದ್ಯಾಸಂಸ್ಥೆಗಳನ್ನು ಜೋಡಿಸತೊಡಗಿತು. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಕಂಪನಿಯ ಮೂಲಕ.

ರೂಟಿಂಗ್ ತಿಳಿಯಲು ಇಲ್ಲಿನ ರೈಲುದಾರಿಯೇ ಸಾಕು. ಮಹಬೂಬ್‌ನಗರದ ಕಡೆಯಿಂದ ರಾಯಚೂರಿಗೆ 2013ರಲ್ಲಿ ಗದ್ವಾಲದ ಮೂಲಕ ಹಳಿ ಕೂಡಿತು. 2023ರ ಅಕ್ಟೋಬರ್‌ನಲ್ಲಿ ಜಕ್ಲೇರ್–ಕೃಷ್ಣ ಹಳಿ ತೆರೆದು ಮಕ್ತಲ್ ಮೂಲಕ ಇನ್ನೊಂದು ದಾರಿಯಾಯಿತು. ಇವೆರಡೂ ಕವಲೊಡೆಯುವ ದೇವರಕದ್ರವೇ ರೂಟರ್ ಎಂದುಕೊಳ್ಳಿ. ರೂಟರಿಗೆ ಇಡೀ ಪ್ರಯಾಣದ ಚಿಂತೆಯಿಲ್ಲ. ತನ್ನ ರೂಟಿಂಗ್ ಪಟ್ಟಿ ನೋಡಿ ಮುಂದಿನ ನಿಲ್ದಾಣವೊಂದನ್ನು ಮಾತ್ರ ತೋರಿಸುತ್ತದೆ. ಇಂಥ ಒಂದೊಂದು ನೆಗೆತಕ್ಕೆ ಹಾಪ್ ಎನ್ನುತ್ತಾರೆ. ದಾರಿ ತಪ್ಪಿದ ಪ್ಯಾಕೆಟ್ ಸುತ್ತುತ್ತಲೇ ಇರಬಾರದೆಂದು ಪ್ರತಿ ಹಾಪ್‌ಗೂ ಅದರೊಳಗಿನ ಟಿಟಿಎಲ್ ಎಂಬ ಎಣಿಕೆ ಒಂದು ಇಳಿಯುತ್ತದೆ. ಸೊನ್ನೆಯಾದಾಗ ರೂಟರ್ ಅದನ್ನು ಬಿಸಾಡುತ್ತದೆ.

ಒಂದೇ ಸಂಸ್ಥೆಯ ಜಾಲದೊಳಗೆ ಓಎಸ್‌ಪಿಎಫ್‌ನಂಥ ನಿಯಮಾವಳಿ ಡೈಕ್‌ಸ್ಟ್ರಾ ವಿಧಾನದಿಂದ ಅತಿ ಕಡಿಮೆ ವೆಚ್ಚದ ದಾರಿಯನ್ನು ಲೆಕ್ಕಹಾಕುತ್ತದೆ. ಸಂಸ್ಥೆಗಳ ನಡುವೆ ನಡೆಯುವುದು 1989ರಲ್ಲಿ ರೂಪುಗೊಂಡ ಬಿಜಿಪಿ. ಇಲ್ಲಿ ದೂರಕ್ಕಿಂತ ಒಪ್ಪಂದದ ಮಾತೇ ಮೇಲು. ತೆಲಂಗಾಣ–ಕರ್ನಾಟಕ ಗಡಿಯವರು ಮುಖ್ಯವಾಗಿ ಅರಿಯಬೇಕಾದ ಸಂಗತಿ ಇದು. ಕೃಷ್ಣಾ ನದಿ ದಾಟಿದರೆ ರಾಯಚೂರು. ಆದರೂ ಮಕ್ತಲ್‌ನ ಒಂದು ಮೊಬೈಲಿನಿಂದ ರಾಯಚೂರಿನ ಬೇರೆ ಕಂಪನಿಯ ಸಂಪರ್ಕಕ್ಕೆ ಹೊರಟ ಪ್ಯಾಕೆಟ್, ಆ ಕಂಪನಿಗಳು ಸಂಧಿಸುವ ಹೈದರಾಬಾದ್, ಚೆನ್ನೈ ಅಥವಾ ಮುಂಬೈಗೆ ಹೋಗಿ ತಿರುಗಿ ಬರಬಹುದು. ದೇಶದೊಳಗಿನ ಸಂಚಾರ ವಿದೇಶ ಸುತ್ತಿ ಬರುವುದನ್ನು ತಪ್ಪಿಸಲೆಂದೇ 2003ರಲ್ಲಿ ನಿಕ್ಸಿ ಎಂಬ ಇಂಟರ್ನೆಟ್ ವಿನಿಮಯ ಕೇಂದ್ರಗಳು ಹುಟ್ಟಿದವು.

ಹಳ್ಳಿಗೆ ಜಾಲ ಒಯ್ಯುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ತೆಲಂಗಾಣದ ಟಿ-ಫೈಬರ್ ಯೋಜನೆ, ಮಿಷನ್ ಭಗೀರಥದ ಕುಡಿಯುವ ನೀರಿನ ಪೈಪಿಗೆ ತೋಡಿದ ಕಾಲುವೆಯಲ್ಲೇ ಕೇಬಲನ್ನೂ ಹಾಕುವ ಜಾಣ ಹಾದಿ ಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಅದರ ಸೇವೆ ಪ್ರಾಯೋಗಿಕವಾಗಿ ಆರಂಭವಾದ ಊರುಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಒಂದು.

ಭಾರತ್‌ನೆಟ್‌ನ ಮೊದಲ ಹಂತದ ಕೇಬಲ್ ಸಾಲಾಗಿ ಸಾಗುತ್ತಿತ್ತು. ನಡುವೆ ಎಲ್ಲೋ ಜೆಸಿಬಿ ತಾಗಿ ತುಂಡಾದರೆ ಆಚೆಯ ಪಂಚಾಯಿತಿಗಳಿಗೆ ಜಾಲವೇ ಇಲ್ಲ. ಬದಲಿ ದಾರಿಯಿಲ್ಲದ ಕಡೆ ಎಂಥ ರೂಟರೂ ನಿರುಪಾಯ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆ ಇದನ್ನು ಉಂಗುರ ವಿನ್ಯಾಸಕ್ಕೆ ಬದಲಿಸುತ್ತದೆ. ಆಗ ಒಂದು ಕಡೆ ಕಡಿದರೂ ಪ್ಯಾಕೆಟ್‌ಗಳು ಉಂಗುರದ ಇನ್ನೊಂದು ಬದಿಯಿಂದ ಊರು ಸೇರುತ್ತವೆ.